ರೇಂಜ್‌ನಲ್ಲಿ ದೂರವನ್ನು ಕೊನೆಗೆ ನೋಡಿ

ಸಂಪಾದಕರಿಗೆ ನಮಸ್ಕಾರ.

ಗಾಲ್ಫ್ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ‘ಇಷ್ಟು ಗಜ ಹೊಡೆದರು’ ಎಂಬ ಒಂದು ಅಂಕಿ ಇರುತ್ತದೆ. ಆ ಗಜ ಗಾಳಿಯಲ್ಲಿ ಹಾರಿದ್ದಷ್ಟೋ, ಬಿದ್ದ ಮೇಲೆ ಉರುಳಿದ್ದೂ ಸೇರಿಯೋ ಎಂಬುದು ಮಾತ್ರ ಇರುವುದಿಲ್ಲ. ಈ ಚಾಳಿ ಚೆಂಡು ಹೊಡೆದು ಅಭ್ಯಾಸ ಮಾಡುವ ಬಯಲಿಗೂ, ಅಂದರೆ ಡ್ರೈವಿಂಗ್ ರೇಂಜಿಗೂ ಬಂದಿದೆ. ಅಂಗೈಯಲ್ಲಿ ಹಿಡಿಸುವ, ಹೊಡೆತವನ್ನು ಅಳೆಯುವ ಲಾಂಚ್ ಮಾನಿಟರ್‌ಗಳು ಚಿಕ್ಕಮಗಳೂರು, ಹಾಸನದ ಆಟಗಾರರ ಬ್ಯಾಗಿನಲ್ಲೂ ಕಾಣುತ್ತಿವೆ. ಒಂದು ಹೊಡೆತಕ್ಕೆ ಮೊಬೈಲಿನ ಮೇಲೆ ಹತ್ತು ಹನ್ನೆರಡು ಅಂಕಿ ಮೂಡುತ್ತವೆ, ಆದರೆ ಆಡುವವರು, ಹಿಂದೆ ನಿಂತ ತಂದೆ ತಾಯಿ, ಕ್ಯಾಡಿ ಎಲ್ಲರ ಕಣ್ಣೂ ನೇರ ದೂರದ ಮೇಲೆ. ಆ ಸಾಲಿನಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸುಳ್ಳು ಹೇಳುವ ಅಂಕಿ ಅದೇ. ನಮ್ಮ ಎತ್ತರ, ನಮ್ಮ ಮಳೆ, ಸವೆದ ರೇಂಜ್ ಬಾಲ್ ಮೂರೂ ಸೇರಿದರೆ ಕೇಳಲೇಬೇಡಿ. ಅದಕ್ಕಾಗಿ ಈ ಪತ್ರ, ತುಸು ಉದ್ದವಾದರೂ.

ಮೊದಲು ಯಂತ್ರದ ವಿಷಯ. ಇದರಲ್ಲಿ ಎರಡು ಜಾತಿ. ಒಂದು ಡಾಪ್ಲರ್ ರೇಡಾರ್. ಪೊಲೀಸರು ಹೆದ್ದಾರಿಯಲ್ಲಿ ವಾಹನದ ವೇಗ ಹಿಡಿಯುವ ತತ್ವವೇ ಇಲ್ಲಿಯೂ. ಡೆನ್ಮಾರ್ಕಿನಲ್ಲಿ 2003ರಲ್ಲಿ ಶುರುವಾದ ಟ್ರ್ಯಾಕ್‌ಮ್ಯಾನ್ ಇದನ್ನು ಗಾಲ್ಫಿನಲ್ಲಿ ಮನೆಮಾತು ಮಾಡಿತು. ಇದು ಚೆಂಡಿನ ಹಿಂದೆ ಕೂರುತ್ತದೆ. ಇನ್ನೊಂದು ಕ್ಯಾಮೆರಾ ಜಾತಿ. ಚೆಂಡಿನ ಪಕ್ಕದಲ್ಲಿ ಕೂತು, ಚೆಂಡು ಹೊರಟ ಮೊದಲ ಕ್ಷಣದ ಚಿತ್ರಗಳನ್ನು ಸರಸರನೆ ತೆಗೆದು, ಮುಂದಿನ ಹಾರಾಟವನ್ನೆಲ್ಲ ಲೆಕ್ಕ ಹಾಕಿ ಹೇಳುತ್ತದೆ. ಅಂದರೆ ಕ್ಯಾಮೆರಾ ಯಂತ್ರ ಚೆಂಡು ಬಿದ್ದದ್ದನ್ನು ನೋಡಿಯೇ ಇರುವುದಿಲ್ಲ. ಬಯಲಿನಲ್ಲಿಟ್ಟ ದೊಡ್ಡ ರೇಡಾರ್ ಚೆಂಡಿನ ಹಿಂದೆ ಬಹುದೂರ ಹೋಗಬಲ್ಲದು. ಅದನ್ನೇ ಮನೆಯ ಶೆಡ್ಡಿನಲ್ಲಿ ಬಲೆ ಕಟ್ಟಿ ಬಳಸಿದರೆ ಅದಕ್ಕೆ ಸಿಗುವುದು ಎರಡು ಮೂರು ಮೀಟರ್ ಹಾರಾಟ, ಮಿಕ್ಕಿದ್ದು ಅದರ ಅಂದಾಜು. ಚಿಕ್ಕ ರೇಡಾರ್‌ಗಳಲ್ಲಿ ಚೆಂಡಿನ ವೇಗ ಮತ್ತು ಮೇಲೇಳುವ ಕೋನವನ್ನು ನಂಬಬಹುದು. ಸ್ಪಿನ್, ಅಂದರೆ ಚೆಂಡು ಸುತ್ತುವ ವೇಗ, ಅನೇಕ ವೇಳೆ ಅಳತೆಯಲ್ಲ, ಊಹೆ. ಕೆಲವು ಸಾಫ್ಟ್‌ವೇರ್‌ಗಳು ಊಹಿಸಿದ ಅಂಕಿಗೆ ಬೇರೆ ಗುರುತು ಹಾಕುತ್ತವೆ, ಆ ಗುರುತು ಯಾವುದೆಂದು ಕೈಪಿಡಿಯಲ್ಲಿ ಹುಡುಕಿ ಇಟ್ಟುಕೊಳ್ಳಿ.

ಯಂತ್ರ ಕೂರಿಸುವಲ್ಲೇ ಅರ್ಧ ತಪ್ಪು ಆಗಿಹೋಗುತ್ತದೆ. ಮರದ ಕೆಳಗಿಟ್ಟ ಮಳೆಮಾಪಕದಲ್ಲಿ ಇಂಚು, ಸೆಂಟ್ಸ್ ಓದಿ ಡೈರಿಯಲ್ಲಿ ಬರೆದುಕೊಳ್ಳುವ ತೋಟದವರು ಯಾರೂ ಇಲ್ಲ. ಆದರೆ ಅವರೇ ರೇಂಜಿಗೆ ಬಂದರೆ ರೇಡಾರನ್ನು ಕಂಡಕಂಡ ಕಡೆ ಇಟ್ಟು ಹೊಡೆಯುತ್ತಾರೆ. ಚಿಕ್ಕ ರೇಡಾರಿಗೆ ಸಾಮಾನ್ಯವಾಗಿ ಚೆಂಡಿನಿಂದ ಎರಡು, ಎರಡೂವರೆ ಮೀಟರ್ ಹಿಂದಿನ ಜಾಗ ಬೇಕು. ಕೈಪಿಡಿ ಹೇಳಿದ ಅಳತೆಯನ್ನು ಟೇಪ್ ಹಿಡಿದೇ ನೋಡಿ. ಮ್ಯಾಟ್ ನೆಲದಿಂದ ಮೂರು ನಾಲ್ಕು ಸೆಂಟಿಮೀಟರ್ ಎತ್ತರವಿದ್ದರೆ ಯಂತ್ರದ ಕೆಳಗೂ ಅಷ್ಟೇ ಎತ್ತರದ ಹಲಗೆ ಇಡಿ, ಇಲ್ಲವಾದರೆ ಮೇಲೇಳುವ ಕೋನ ತಪ್ಪುತ್ತದೆ. ಯಂತ್ರ, ಚೆಂಡು, ದೂರದ ಬಾವುಟ ಮೂರೂ ಒಂದೇ ಗೆರೆಯಲ್ಲಿರಬೇಕು. ಯಂತ್ರ ಬರೀ 2 ಡಿಗ್ರಿ ಓರೆಯಾದರೆ 150 ಗಜದಲ್ಲಿ 5 ಗಜದ ವ್ಯತ್ಯಾಸ. ನೇರ ಹೊಡೆದವನಿಗೆ ‘ಎಡಕ್ಕೆ ಹೋಯಿತು’ ಎಂದು ಪರದೆ ಹೇಳುತ್ತದೆ, ಅವನು ಇಲ್ಲದ ಕಾಯಿಲೆಗೆ ಮದ್ದು ಮಾಡಿಕೊಳ್ಳುತ್ತಾನೆ. ಚೆಂಡಿನಿಂದ ಗುರಿಯ ಕಡೆಗೆ ನೆಲದ ಮೇಲೊಂದು ಅಲೈನ್‌ಮೆಂಟ್ ಸ್ಟಿಕ್ ಮಲಗಿಸಿ, ಯಂತ್ರದ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದರೆ ಒಂದು ನಿಮಿಷದ ಕೆಲಸ.

ಇನ್ನು ಅಂಕಿಗಳು. ಮೊದಲು ನೋಡಬೇಕಾದದ್ದು ಎರಡು ವೇಗ: ಕ್ಲಬ್‌ಹೆಡ್ಡಿನದು ಮತ್ತು ಚೆಂಡಿನದು. ಚೆಂಡಿನ ವೇಗವನ್ನು ಕ್ಲಬ್ಬಿನ ವೇಗದಿಂದ ಭಾಗಿಸಿದರೆ ಬರುವುದು ಸ್ಮ್ಯಾಶ್ ಫ್ಯಾಕ್ಟರ್. ಕಾಫಿಯವರಿಗೆ ಇದು ಔಟ್‌ಟರ್ನ್ ಇದ್ದ ಹಾಗೆ. ಐವತ್ತು ಕೆ.ಜಿ. ಚೆರಿ ಮೂಟೆ ಕಣ್ಣಿಗೆ ಎಷ್ಟೇ ದಪ್ಪಗಿದ್ದರೂ ಕಡೆಗೆ ಬೀಜ ಎಷ್ಟು ಕೆ.ಜಿ. ಇಳಿಯಿತು ಎಂಬುದೇ ಲೆಕ್ಕ. 7 ಐರನ್ ಎಂಬ ಮಧ್ಯಮ ದೂರದ ಕ್ಲಬ್ಬಿನಲ್ಲಿ ಎರಡು ಹೊಡೆತ ಹೀಗೆ ಬಂದವೆನ್ನಿ: ಮೊದಲನೆಯದು ಕ್ಲಬ್ ಗಂಟೆಗೆ 78 ಮೈಲಿ, ಚೆಂಡು 101 ಮೈಲಿ. ಎರಡನೆಯದು ಕ್ಲಬ್ 82, ಚೆಂಡು 99. ಎರಡನೆಯದರಲ್ಲಿ ಬೀಸಿದ್ದು ಜೋರು, ಬೆವರು ಜಾಸ್ತಿ, ಫಲ ಕಡಿಮೆ. ಸ್ಮ್ಯಾಶ್ 1.29ರಿಂದ 1.21ಕ್ಕೆ ಇಳಿದಿದೆ, ಅಂದರೆ ಚೆಂಡು ಕ್ಲಬ್ಬಿನ ಮುಖದ ನಡುವೆ ತಗಲಿಲ್ಲ. ಅಮೆರಿಕದ ಪಿಜಿಎ ಟೂರ್ ಆಟಗಾರರಿಗೆ 7 ಐರನ್‌ನಲ್ಲಿ ಇದು ಸುಮಾರು 1.33, ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿ 1.48ರ ಸುತ್ತಮುತ್ತ. ಡ್ರೈವರ್‌ಗೆ 1.50 ಬಂದರೆ ಅದು ಹೆಚ್ಚುಕಡಿಮೆ ಮೇಲಿನ ಮಿತಿ. 7 ಐರನ್‌ಗೆ 1.45 ಬಂದರೆ ಹಿಗ್ಗಬೇಡಿ. ಆ್ಯಪಿನಲ್ಲಿ ಹಿಂದಿನವರು ಆರಿಸಿಟ್ಟ ಡ್ರೈವರ್ ಹಾಗೇ ಉಳಿದಿರುತ್ತದೆ, ಇಲ್ಲವೇ ಕ್ಲಬ್ಬಿನ ವೇಗವನ್ನು ಯಂತ್ರ ತಪ್ಪಾಗಿ ಹಿಡಿದಿರುತ್ತದೆ. ಮೈಲಿಯೋ ಕಿಲೋಮೀಟರೋ, ಗಜವೋ ಮೀಟರೋ ಎಂದು ಸೆಟ್ಟಿಂಗ್ ನೋಡುವುದನ್ನೂ ಮರೆಯಬೇಡಿ. 150 ಮೀಟರ್ ಅಂದರೆ 164 ಗಜ.

ಆಮೇಲೆ ಲಾಂಚ್ ಆ್ಯಂಗಲ್ (ಮೇಲೇಳುವ ಕೋನ) ಮತ್ತು ಸ್ಪಿನ್, ಎರಡನ್ನೂ ಜೋಡಿಯಾಗಿಯೇ ಓದಬೇಕು. ಟೂರ್ ಮಟ್ಟದ ಗಂಡಸರ 7 ಐರನ್ ಚೆಂಡು ಸುಮಾರು 16 ಡಿಗ್ರಿಯಲ್ಲಿ, ಹೆಂಗಸರದು 19ರಲ್ಲಿ ಏಳುತ್ತದೆ. ಸ್ಪಿನ್ ನಿಮಿಷಕ್ಕೆ 7,000 ಸುತ್ತಿನ ಆಸುಪಾಸು. ಐರನ್‌ಗಳಿಗೆ ಕ್ಲಬ್ಬಿನ ನಂಬರನ್ನು ಸಾವಿರದಿಂದ ಗುಣಿಸಿ ಎಂಬುದು ಹಳೆಯ ಅಂದಾಜು, ಕೆಲಸಕ್ಕೆ ಬರುತ್ತದೆ. ಕ್ಲಬ್ ವೇಗ 90 ಮೈಲಿ ಇರುವವರಿಗೆ ಡ್ರೈವರ್‌ನಲ್ಲಿ 13ರಿಂದ 15 ಡಿಗ್ರಿ, 2,500ರಿಂದ 3,000 ಸುತ್ತು ಇದ್ದರೆ ಚೆನ್ನ. ಹತ್ತು ಡಿಗ್ರಿಯ ಕೆಳಗೆ ಎದ್ದು 4,000 ಸುತ್ತು ತಿರುಗಿದರೆ, ಕ್ಲಬ್ಬನ್ನು ಮೇಲಿನಿಂದ ಕೆಳಕ್ಕೆ ಕೊಚ್ಚಿದ್ದೀರಿ, ಅಥವಾ ಚೆಂಡು ಮುಖದ ಕೆಳಭಾಗಕ್ಕೆ ತಗುಲಿದೆ. ಮುಖದ ಮೇಲ್ಭಾಗಕ್ಕೆ ತಗುಲಿದರೆ ಸ್ಪಿನ್ ಇಳಿಯುತ್ತದೆ, ಕೆಳಕ್ಕೆ ತಗುಲಿದರೆ ಏರುತ್ತದೆ. ಅಂಗಡಿಗೆ ಓಡಿ ಬೇರೆ ಶಾಫ್ಟ್ (ಕ್ಲಬ್ಬಿನ ಕೋಲು) ಹಾಕಿಸುವ ಮೊದಲು, ಚೆಂಡು ಕೂರಿಸುವ ಟೀ ಅರ್ಧ ಇಂಚು ಎತ್ತರಿಸಿ ಹತ್ತು ಚೆಂಡು ಹೊಡೆದು ನೋಡಿ, ಖರ್ಚಿಲ್ಲ.

ಹೆಚ್ಚು ಜನ ಎಡವುವುದು ದಿಕ್ಕಿನ ಅಂಕಿಗಳಲ್ಲಿ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಲಬ್ ಸಾಗುವ ದಾರಿಯಲ್ಲಿ ಚೆಂಡು ಹೊರಡುತ್ತದೆ, ಮುಖ ನೋಡುವ ಕಡೆಗೆ ಆಮೇಲೆ ತಿರುಗುತ್ತದೆ ಎಂದು ಹಿಂದಿನ ತರಬೇತಿಯಲ್ಲಿ ಹೇಳಿಕೊಡುತ್ತಿದ್ದರು. ಈಗಲೂ ಕೆಲವರು ಹಾಗೇ ಹೇಳುತ್ತಾರೆ. ರೇಡಾರ್ ಬಂದ ಮೇಲೆ ಅದು ತಲೆಕೆಳಗಾಯಿತು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ತೀರ್ಮಾನಿಸುವುದು ಮುಖ: ಐರನ್‌ನಲ್ಲಿ ಸುಮಾರು ಮುಕ್ಕಾಲು ಪಾಲು, ಡ್ರೈವರ್‌ನಲ್ಲಿ ಇನ್ನೂ ಹೆಚ್ಚು, ಶೇ 85ರಷ್ಟು. ಹೊರಟ ಮೇಲೆ ಬಾಗುವುದು ಮುಖ ಮತ್ತು ಪಾತ್ (ಕ್ಲಬ್ ಸಾಗುವ ದಾರಿ) ನಡುವಿನ ವ್ಯತ್ಯಾಸದಿಂದ. ಚೆಂಡು ಮುಖಕ್ಕೆ ಅಂಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಹೊತ್ತು. ಅಷ್ಟರೊಳಗೆ ಕೈಯಿಂದ ತಿರುಗಿಸಿ ಸರಿಮಾಡುತ್ತೇನೆ ಎನ್ನುವುದು ಆಗದ ಮಾತು.

ಒಂದು ಸಾಲು ಓದೋಣ. ಬಲಗೈ ಆಟಗಾರ, ಡ್ರೈವರ್. ಪಾತ್ ಮೈನಸ್ 5, ಫೇಸ್ (ಮುಖ) ಮೈನಸ್ 1. ಮೈನಸ್ ಅಂದರೆ ಗುರಿಯ ಎಡಕ್ಕೆ. ಕ್ಲಬ್ ಹೊರಗಿನಿಂದ ಒಳಕ್ಕೆ, ಎಡಕ್ಕೆ ಎಳೆದಿದೆ. ಮುಖವೂ ಗುರಿಗಿಂತ ಒಂದು ಡಿಗ್ರಿ ಎಡಕ್ಕೇ ನೋಡುತ್ತಿದೆ, ಆದರೂ ಪಾತ್‌ಗೆ ಹೋಲಿಸಿದರೆ 4 ಡಿಗ್ರಿ ತೆರೆದಿದೆ. ಚೆಂಡು ಒಂದೂವರೆ ಡಿಗ್ರಿ ಎಡಕ್ಕೆ ಹೊರಟು, ಬಲಕ್ಕೆ ಬಾಗುತ್ತ ಬಾಗುತ್ತ ಹೋಗಿ ಮರಗಳ ಸಾಲಿಗೆ ಬೀಳುತ್ತದೆ. ನಮ್ಮೆಲ್ಲರಿಗೂ ಪರಿಚಿತ ಸ್ಲೈಸ್. ಡ್ರೈವರ್‌ನಲ್ಲಿ ಈ 4 ಡಿಗ್ರಿ, ಚೆಂಡು ತಿರುಗುವ ಅಕ್ಷವನ್ನು ಸುಮಾರು 16 ಡಿಗ್ರಿ ವಾಲಿಸುತ್ತದೆ. ಅಕ್ಷ ಒಂದು ಡಿಗ್ರಿ ವಾಲಿದರೆ ಕ್ಯಾರಿಯ, ಅಂದರೆ ಗಾಳಿಯಲ್ಲಿ ಹಾರಿದ ದೂರದ, ಶೇ 0.7ರಷ್ಟು ಪಕ್ಕಕ್ಕೆ ಎಂಬ ಲೆಕ್ಕ ಹಿಡಿದರೆ, 200 ಗಜಕ್ಕೆ 22 ಗಜದ ಬಾಗು. ಇದೇ 4 ಡಿಗ್ರಿ ತಪ್ಪು 7 ಐರನ್‌ನಲ್ಲಾದರೆ ಅಕ್ಷ ವಾಲುವುದು ಸುಮಾರು 9 ಡಿಗ್ರಿ, ಏಕೆಂದರೆ ಹೆಚ್ಚು ಲಾಫ್ಟ್ (ಮುಖದ ಮೇಲ್ಮುಖ ಓರೆ) ಇರುವ ಕ್ಲಬ್ಬಿನಲ್ಲಿ ಹಿಂದಕ್ಕೆ ಸುತ್ತುವ ಸ್ಪಿನ್ನೇ ಪ್ರಬಲ. ‘ಐರನ್ ನೇರ ಹೋಗುತ್ತದೆ, ಡ್ರೈವರ್ ಮಾತ್ರ ಓಡುತ್ತದೆ’ ಎಂಬ ದೂರಿನ ಗುಟ್ಟು ಇಷ್ಟೇ. ಸ್ವಿಂಗ್ ಎರಡರಲ್ಲೂ ಒಂದೇ.

ಈ ಸ್ಲೈಸಿಗೆ ಜನ ಮಾಡಿಕೊಳ್ಳುವ ಮದ್ದು, ಇನ್ನಷ್ಟು ಎಡಕ್ಕೆ ತಿರುಗಿ ನಿಲ್ಲುವುದು. ಪರದೆ ನೋಡಿದರೆ ಗೊತ್ತಾಗುತ್ತದೆ: ಪಾತ್ ಮೈನಸ್ 5 ಇದ್ದದ್ದು ಮೈನಸ್ 8 ಆಗುತ್ತದೆ, ಮುಖದೊಂದಿಗಿನ ಅಂತರ ಬೆಳೆಯುತ್ತದೆ, ಚೆಂಡು ಇನ್ನೂ ಬಾಗುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ಫೇಸ್ ಟು ಪಾತ್ ಅಂಕಿಯನ್ನು ಎರಡರ ಒಳಕ್ಕೆ ತರುವುದು. ಗ್ರಿಪ್‌ನಲ್ಲಿ ಎಡಗೈಯ ಎರಡೂವರೆ ಗೆಣ್ಣು ಕಾಣುವಷ್ಟು ಬಲಕ್ಕೆ ತಿರುಗಿಸಿ ಹಿಡಿದು ಅರ್ಧ ಸ್ವಿಂಗ್ ಮಾಡಿ. ಆಗ ಚೆಂಡು ಎಡಕ್ಕೆ ನೇರ ಹೋಗತೊಡಗುತ್ತದೆ. ಅದು ಕೆಟ್ಟಂತೆ ಕಂಡರೂ ಪ್ರಗತಿಯೇ. ಪಾತ್ ತಿದ್ದುವುದು ಆಮೇಲೆ. ಎರಡನ್ನೂ ಒಂದೇ ದಿನ ಹಿಡಿದರೆ ಎರಡೂ ಕೆಡುತ್ತವೆ.

ಕೆಲವು ಸಲ ಅಂಕಿಗಳು ಒಂದಕ್ಕೊಂದು ಜಗಳ ಆಡುತ್ತವೆ. ಮುಖ ಪಾತ್‌ಗಿಂತ 3 ಡಿಗ್ರಿ ತೆರೆದಿದೆ, ಆದರೂ ಚೆಂಡು ಎಡಕ್ಕೆ ಬಾಗಿದೆ. ಯಂತ್ರ ಕೆಟ್ಟಿತು ಎಂದು ಬೈಯುತ್ತಾರೆ. ಯಂತ್ರ ಸರಿಯಾಗಿಯೇ ಇದೆ, ಚೆಂಡು ಡ್ರೈವರ್ ಮುಖದ ಟೋ ಕಡೆಗೆ, ಅಂದರೆ ಹೊರತುದಿಗೆ, ತಗುಲಿದೆ. ಟೋ ಕಡೆ ತಗುಲಿದಾಗ ತಲೆ ತುಸು ತಿರುಗಿ, ಹಲ್ಲುಚಕ್ರಗಳಂತೆ ಚೆಂಡನ್ನು ವಿರುದ್ಧ ದಿಕ್ಕಿಗೆ ಸುತ್ತಿಸುತ್ತದೆ. ಹೀಲ್ ಕಡೆ, ಅಂದರೆ ಕೋಲಿನ ಬದಿಗೆ, ತಗುಲಿದರೆ ಬಲಕ್ಕೆ. ಖಾತ್ರಿ ಮಾಡಿಕೊಳ್ಳಲು ದುಬಾರಿ ಸ್ಟಿಕ್ಕರ್ ಬೇಡ. ಶಾಲೆಯ ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಹಿಂಬದಿಗೆ ನಾಣ್ಯದಗಲ ಬಳಿದು ಹೊಡೆಯಿರಿ. ಮುಖದ ಮೇಲೆ ಎಲ್ಲಿ ಬಣ್ಣ ಕೂತಿದೆಯೋ ತಗುಲಿದ್ದು ಅಲ್ಲೇ. ಹೆಬ್ಬೆರಳಿನಿಂದ ಒರೆಸಿದರೆ ಹೋಗುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಹೇಳದ ಸಂಗತಿಯನ್ನು ಈ ಮಾರ್ಕರ್ ಹೇಳುವುದುಂಟು.

ಮ್ಯಾಟಿನ ಮೋಸವೂ ಗೊತ್ತಿರಲಿ. ಕ್ಲಬ್ ಚೆಂಡಿಗಿಂತ ಎರಡು ಇಂಚು ಹಿಂದೆ ಬಿದ್ದರೂ ಅದರ ತಳ ಮ್ಯಾಟಿನ ಮೇಲೆ ಜಾರಿಕೊಂಡು ಹೋಗಿ ಚೆಂಡನ್ನು ಎತ್ತುತ್ತದೆ. ಅಂಕಿಗಳು ಪರವಾಗಿಲ್ಲ ಅನ್ನಿಸುವಂತೆಯೇ ಬರುತ್ತವೆ. ಅದೇ ಹೊಡೆತ ಮಳೆಯಲ್ಲಿ ನೆನೆದ ಹುಲ್ಲಿನ ಮೇಲಾದರೆ ಕ್ಲಬ್ ಕೆಂಪು ಮಣ್ಣಿನಲ್ಲಿ ಹೂತು ಚೆಂಡು ನಲವತ್ತು ಗಜಕ್ಕೆ ಬೀಳುತ್ತದೆ. ಚೆಂಡಿನ ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟು ಮಡಿಸಿದ ಕೈವಸ್ತ್ರ ಇಡಿ. ಕೈವಸ್ತ್ರ ಹಾರಿದರೆ ಪರದೆ ಏನೇ ಹೇಳಲಿ ಅದು ಫ್ಯಾಟ್ ಹೊಡೆತ. ಅಟ್ಯಾಕ್ ಆ್ಯಂಗಲ್ ಐರನ್‌ನಲ್ಲಿ ಮೈನಸ್ 3, 4 ಇದ್ದರೆ, ಅಂದರೆ ಕ್ಲಬ್ ಇನ್ನೂ ಇಳಿಯುತ್ತಿರುವಾಗಲೇ ಚೆಂಡು ತಗುಲಿದರೆ, ಸರಿ. ಪ್ಲಸ್ ಬಂದರೆ ಚೆಂಡನ್ನು ಮೊಗೆದು ಎತ್ತುತ್ತಿದ್ದೀರಿ.

ಇಷ್ಟಾದ ಮೇಲೆ ದೂರ.

ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಹಾಸನ ಅದಕ್ಕಿಂತ ನೂರು ಮೀಟರಿನಷ್ಟು ಕೆಳಗೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 10ರಷ್ಟು ಕಡಿಮೆ. ಚೆಂಡನ್ನು ತಡೆಯುವ ಗಾಳಿಯೂ ತೆಳು, ಎತ್ತಿ ಹಿಡಿಯುವ ಗಾಳಿಯೂ ತೆಳು. ಎರಡೂ ಕಳೆದು ಉಳಿಯುವ ಲಾಭ, ಸಾವಿರ ಅಡಿ ಎತ್ತರಕ್ಕೆ ಶೇ 1ಕ್ಕಿಂತ ಚೂರು ಹೆಚ್ಚು. ಇಲ್ಲಿಗೆ ಲೆಕ್ಕ ಹಾಕಿದರೆ ಶೇ 4. ಇಲ್ಲಿ 156 ಗಜ ಹಾರಿದ 7 ಐರನ್, ಚಾರ್ಮಾಡಿ ಇಳಿದು ಮಂಗಳೂರಿನ ಪಿಲಿಕುಳದಲ್ಲಿ ಹೊಡೆದರೆ 150. ಡ್ರೈವರ್‌ನಲ್ಲಿ ವ್ಯತ್ಯಾಸ ಎಂಟು ಹತ್ತು ಗಜ. ‘ಕರಾವಳಿ ಸೆಕೆಗೆ ಕೈ ಸೋತಿತು’ ಎನ್ನುವುದು ಪೂರ್ತಿ ನಿಜವಲ್ಲ. ಇನ್ನೊಂದು: ತೆಳು ಗಾಳಿಯಲ್ಲಿ ಚೆಂಡು ತುಸು ಚಪ್ಪಟೆಯಾಗಿ ಇಳಿಯುತ್ತದೆ. ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ನಿಲ್ಲಬೇಕಾದರೆ 45 ಡಿಗ್ರಿಗಿಂತ ಕಡಿದಾಗಿ ಬೀಳಬೇಕು, ಫೆಬ್ರವರಿಯ ಒಣ ನೆಲದಲ್ಲಂತೂ ಅದಕ್ಕಿಂತ ಕಡಿಮೆಯಾದರೆ ಚೆಂಡು ಗ್ರೀನ್ ದಾಟಿ ಉರುಳುತ್ತದೆ.

ಗೊಂದಲ ಶುರುವಾಗುವುದು ಇಲ್ಲಿ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ನಾರ್ಮಲೈಸ್ ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ ಎತ್ತರ, ಗಾಳಿ, ಉಷ್ಣಾಂಶ ಎಲ್ಲವನ್ನೂ ಒಂದು ನಿಗದಿತ ಸ್ಥಿತಿಗೆ ಇಳಿಸಿ ದೂರ ತೋರಿಸುತ್ತದೆ. ಸಮುದ್ರಮಟ್ಟಕ್ಕೆ ಇಳಿಸಿದ ಅಂಕಿ 150 ಎನ್ನುತ್ತದೆ, ಕಣ್ಣೆದುರಿನ ಹಲಗೆ 156 ಎನ್ನುತ್ತದೆ. ಎರಡೂ ನಿಜ. ಸ್ವಿಂಗ್ ಹೋಲಿಸಲು ಮೊದಲನೆಯದು, ನಮ್ಮೂರಿನಲ್ಲಿ ಕ್ಲಬ್ ಆರಿಸಲು ಎರಡನೆಯದು. ಯಾವುದು ಎಂದು ತಿಳಿಯದೆ ಡೈರಿಯಲ್ಲಿ ಬರೆದರೆ ಎರಡಕ್ಕೂ ಉಪಯೋಗವಿಲ್ಲ.

ಮಳೆಗಾಲದ ಬಗ್ಗೆ ಒಂದು ತಪ್ಪು ನಂಬಿಕೆ. ತೇವದ ಗಾಳಿ ಭಾರ, ಅದಕ್ಕೇ ಚೆಂಡು ಹೋಗುವುದಿಲ್ಲ ಎನ್ನುತ್ತಾರೆ. ನೀರಾವಿ ಒಣಗಾಳಿಗಿಂತ ಹಗುರ, ಆದ್ದರಿಂದ ತೇವದ ಗಾಳಿ ಒಂದು ಎಳೆ ಹಗುರವೇ. ಜುಲೈನಲ್ಲಿ ದೂರ ಕಡಿಮೆಯಾಗುವುದು ಚಳಿಗೆ, ಗಟ್ಟಿಯಾದ ಚೆಂಡಿಗೆ, ಉರುಳದ ಹಸಿ ನೆಲಕ್ಕೆ, ಮೈಮೇಲಿನ ಜರ್ಕಿನ್ನಿಗೆ. ಮುಖದ ಮೇಲೆ ನೀರಿನ ಪದರವಿದ್ದರೆ ಹಿಡಿತ ತಪ್ಪಿ ಐರನ್‌ನಲ್ಲಿ ಸ್ಪಿನ್ ಇಳಿಯುತ್ತದೆ, ಚೆಂಡು ಮಾಮೂಲಿಗಿಂತ ಎತ್ತರಕ್ಕೆ ಏಳುತ್ತದೆ. ಅಂಥ ದಿನ 7,000 ಬರಬೇಕಾದಲ್ಲಿ 4,500 ಕಂಡರೆ ಸ್ವಿಂಗ್ ತಿದ್ದಲು ಹೋಗಬೇಡಿ, ಬಟ್ಟೆ ತೆಗೆದು ಮುಖ ಒರೆಸಿ.

ರೇಂಜ್ ಬಾಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಾಳಿಕೆಗಾಗಿ ಗಟ್ಟಿ ಹೊದಿಕೆ ಹಾಕಿದ ಚೆಂಡು ಅದು, ಸಾವಿರ ಹೊಡೆತ ತಿಂದಿರುತ್ತದೆ. ಗುಳಿಗಳೇ ಇಲ್ಲದ ನುಣ್ಣನೆಯ ಚೆಂಡು ಸುಮಾರು ಅರ್ಧ ದೂರಕ್ಕೇ ಬೀಳುತ್ತದೆ ಎಂದರೆ, ಗುಳಿ ಸವೆದು, ಕೆಮ್ಮಣ್ಣು ತುಂಬಿಕೊಂಡ ಚೆಂಡಿನ ಗತಿ ಊಹಿಸಿ. ಮನೆಯಿಂದ ನೀವು ಪಂದ್ಯದಲ್ಲಿ ಆಡುವ ಜಾತಿಯ ಐದು ಚೆಂಡು ತಂದು, ಐದು ರೇಂಜ್ ಬಾಲ್ ಜತೆ ಒಂದು ಬಿಟ್ಟು ಒಂದರಂತೆ ಹೊಡೆದರೆ, ನಿಮ್ಮ ರೇಂಜಿನ ಚೆಂಡು ಎಷ್ಟು ಕಳೆಯುತ್ತದೆ ಎಂಬುದು ಒಂದೇ ಸಂಜೆಗೆ ತಿಳಿಯುತ್ತದೆ. ನಿಮ್ಮ ಚೆಂಡು ಬಲೆಯೊಳಗೇ ಉಳಿಯುವ ಬೇ (ನಿಂತು ಹೊಡೆಯುವ ಅಂಕಣ) ಇದ್ದರೆ ಅಲ್ಲಿ ಹೊಡೆಯಿರಿ, ಇಲ್ಲವಾದರೆ ಹುಡುಕಿಕೊಡುವವರಿಗೆ ಮೊದಲೇ ಹೇಳಿಡಿ.

ಬರೆದುಕೊಳ್ಳುವ ಕ್ರಮವೂ ಇದೆ. ಮೈ ಬಿಸಿಯಾಗದೆ ಅಂಕಿ ಬರೆಯಬೇಡಿ. ಒಂದು ಕ್ಲಬ್ಬಿಗೆ ಹತ್ತು ಚೆಂಡು. ಕ್ಯಾರಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಎರಡರ ಸರಾಸರಿ ಹಿಡಿಯಿರಿ, ಅದೇ ಆ ಕ್ಲಬ್ಬಿನ ದೂರ. ಹತ್ತರಲ್ಲಿ ಒಂದು ಸಲ ಬಂದ 165 ನಿಮ್ಮದಲ್ಲ, ಅದೃಷ್ಟದ್ದು. ಅತಿ ಎಡ ಮತ್ತು ಅತಿ ಬಲದ ನಡುವಿನ ಅಗಲವನ್ನೂ ಪಕ್ಕದಲ್ಲಿ ಬರೆಯಿರಿ. ಈ ಅಗಲ 30 ಗಜ ಇರುವವರು ಗ್ರೀನ್ ಅಂಚಿನ ಬಾವುಟಕ್ಕೆ ಗುರಿಯಿಡುವುದು ದಂಡ. ಮಕ್ಕಳ ಡೈರಿಯಲ್ಲಿ ಕ್ಲಬ್ ವೇಗದ ಕಾಲಂ ಬೇಡವೆಂದೇ ನಮ್ಮ ಅಭಿಪ್ರಾಯ. ಅಪ್ಪನ ಉದ್ದದ ಕ್ಲಬ್ ಹಿಡಿಸಿ ವೇಗ ಹೆಚ್ಚಿಸಲು ಹೋದರೆ ಚೆಂಡು ಹೀಲ್‌ಗೆ ತಗುಲುವುದು ರೂಢಿಯಾಗುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಮುಗಿಸಿದ ಬೆಂಗಳೂರಿನ ಅದಿತಿ ಅಶೋಕ್ ಡ್ರೈವರ್ ದೂರದಲ್ಲಿ ಎದುರಾಳಿಗಳಿಗಿಂತ ಹಿಂದೆಯೇ ಇದ್ದರು. ಅವರನ್ನು ಅಲ್ಲಿಗೆ ಒಯ್ದದ್ದು ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್, ಪಟರ್. ಅದನ್ನು ರೇಂಜಿನ ಪರದೆ ಸಾಮಾನ್ಯವಾಗಿ ತೋರಿಸುವುದಿಲ್ಲ.

ಪತ್ರಿಕೆಯಲ್ಲಿ ನಮ್ಮ ಕೋರಿಕೆ ಚಿಕ್ಕದು: ಗಾಲ್ಫ್ ಹೊಡೆತದ ದೂರ ಬರೆಯುವಾಗ ಕ್ಯಾರಿಯೋ ಒಟ್ಟು ದೂರವೋ ಎಂಬ ಒಂದು ಪದ ಸೇರಿಸಿ. ರೇಂಜ್ ನಡೆಸುವವರಲ್ಲೂ ಒಂದು ಕೋರಿಕೆ. ಪ್ರತಿ ಬೇಯಲ್ಲಿ ಒಂದು ಹಲಗೆ ತೂಗುಹಾಕಿ. ಅದರ ಮೇಲೆ ನಾಲ್ಕು ಸಾಲು ಸಾಕು: ಯಾವ ಚೆಂಡು, ನಾರ್ಮಲೈಸ್ ಇದೆಯೋ ಇಲ್ಲವೋ, ದೂರದ ಹಲಗೆಗಳನ್ನು ಯಾವ ಮ್ಯಾಟಿನಿಂದ ಅಳೆದದ್ದು, ಯಂತ್ರವನ್ನು ಕೊನೆಯ ಸಲ ಗೆರೆಗೆ ಕೂರಿಸಿದ ತಾರೀಖು. ತಾರೀಖನ್ನು ಸೀಮೆಸುಣ್ಣದಲ್ಲೇ ಬರೆಯಿರಿ, ಪೇಂಟಿನಲ್ಲಿ ಬರೆದರೆ ಯಾರೂ ಬದಲಾಯಿಸುವುದಿಲ್ಲ.

ಇಂತಿ,
ಗಾಲ್ಫ್ ಅಭ್ಯಾಸಿಗಳು,
ಚಿಕ್ಕಮಗಳೂರು